ಮರದ ಮೇಲಿನ ಕಲ್ಲುಹೂವು ಬೆಳೆಯೋದು ಹೇಗೆ?

ಪ್ರಶ್ನೆ: ನಮ್ಮ ಕಾಫಿ ತೋಟದ ಮರಗಳ ತೊಗಟೆ ತುಂಬಾ ಬೂದು ಬಣ್ಣದ ಕಲ್ಲುಹೂವು. ಮಳೆ ಬಂದರೆ ಹಸಿರಾಗುತ್ತದೆ. ಇದು ಬೆಳೆಯುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸಬಹುದೇ?
– ಶಾಲಾ ಶಿಕ್ಷಕಿ, ವಿರಾಜಪೇಟೆ

ಉತ್ತರ: ಖಂಡಿತ ತೋರಿಸಿ ಮೇಡಂ, ಮಕ್ಕಳು ಮರೆಯುವುದಿಲ್ಲ. ಚೂರನ್ನು ನೀರಲ್ಲಿ ನೆನೆಸಿ, ಹೊಸ ಬ್ಲೇಡಿನಿಂದ ಆದಷ್ಟು ತೆಳ್ಳಗೆ ಅಡ್ಡ ಸೀಳಿ, ಒಂದು ಹನಿ ನೀರಿನಲ್ಲಿಟ್ಟು 400 ಪಟ್ಟು ಹಿಗ್ಗಿಸಿ ನೋಡಿ. ಮೇಲೆ ಶಿಲೀಂಧ್ರದ ಒತ್ತಾದ ಸಿಪ್ಪೆ, ಅದರ ಕೆಳಗೆ ಹಸಿರು ಗುಂಡುಗಳ ಸಾಲು, ಅದು ಪಾಚಿ. ಅದರಡಿ ಹತ್ತಿಯಂತೆ ಸಡಿಲವಾದ ಎಳೆಗಳು. ಅಂದರೆ ಇದು ಒಂದು ಜೀವಿ ಅಲ್ಲ, ಜೊತೆಯಾಗಿ ಬಾಳುವ ಸಂಸಾರ! ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ 1867ರಲ್ಲಿ ಹೀಗೆಂದಾಗ ಅನೇಕರು ಒಪ್ಪಲೇ ಇಲ್ಲ. ಒದ್ದೆಯಾದಾಗ ಸಿಪ್ಪೆ ಪಾರದರ್ಶಕವಾಗಿ ಒಳಗಿನ ಪಾಚಿ ಕಾಣುತ್ತದೆ, ಹಸಿರಿಗೆ ಅದೇ ಕಾರಣ.

ಹುಟ್ಟು ಎರಡು ದಾರಿಯಲ್ಲಿ. ಕೆಲವು ಜಾತಿಗಳಲ್ಲಿ ಅಂಚಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದಲ್ವಾ, ಅದರ ಪ್ರತಿ ಕಣದಲ್ಲೂ ಎಳೆಗಳು ಸುತ್ತಿಕೊಂಡ ಪಾಚಿ ಇದೆ. ಗಾಳಿ, ಮಳೆ ಅದನ್ನು ಬೇರೆ ಕೊಂಬೆಗೆ ಒಯ್ದರೆ ಸಾಕು. ಇನ್ನೊಂದು ಕಷ್ಟದ ದಾರಿ: ಶಿಲೀಂಧ್ರದ ಬೀಜಕಣ ಒಂಟಿಯಾಗಿ ಬಿದ್ದು, ಮೊಳೆತು, ತನಗೆ ಹೊಂದುವ ಪಾಚಿ ಸಿಕ್ಕರೆ ಅದನ್ನು ಎಳೆಗಳಿಂದ ತಬ್ಬಿಕೊಳ್ಳಬೇಕು, ಸಿಗದಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಆಮೇಲೆ ಅಂಚಿನಿಂದ ಹೊರಕ್ಕೆ ಬೆಳೆಯುತ್ತದೆ, ಹೆಚ್ಚಿನವು ವರ್ಷಕ್ಕೆ ಕೆಲವೇ ಮಿಲಿಮೀಟರ್.

ಅದಕ್ಕೇ ಕೇಳಿಕೊಳ್ಳುತ್ತೇನೆ, ಸುಮ್ನೆ ಕೆರೆದು ತೆಗೆಯಬೇಡಿ. ಅದು ಮರದ ರಸ ಹೀರುವುದಿಲ್ಲ. ಮಕ್ಕಳಿಗೆ ಬಿದ್ದ ಕೊಂಬೆಯದು ಒಂದು ಉಗುರಿನಷ್ಟು ಸಾಕು.