ಹತ್ತನೇ ಕ್ಲಾಸಿನ ಹೇಳಿಕೆ ಲೆಕ್ಕಗಳನ್ನು ಮಗಳಿಗೆ ಹಂತ ಹಂತವಾಗಿ ಹೇಗೆ ಹೇಳಿಕೊಡಲಿ?

ಮಗಳಿಗೆ ಸೂತ್ರ ಎಲ್ಲ ಬಾಯಿಗೆ ಬರುತ್ತದೆ, ಸಮೀಕರಣ ಬರೆದುಕೊಟ್ಟರೆ ಬಿಡಿಸುತ್ತಾಳೆ, ವಾಕ್ಯದಲ್ಲಿ ಕೇಳಿದರೆ ಮಾತ್ರ ಕೈಯೇ ಓಡಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಗಾಬರಿ ಬೇಡ, ಅರ್ಧ ಕೆಲಸ ಆಗಿದೆ. ನಾನು ಕುಶಾಲನಗರದಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ತುಂಬಾ ಮಕ್ಕಳ ಪಾಡು ಇದೇ. ಮೊದಲ ಎರಡು ಸಾಲು ಬರೆಯುವುದೇ ಅವರಿಗೆ ಕಷ್ಟ.

ನಮ್ಮ ಕಡೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕುಶಾಲನಗರದಿಂದ ಬೆಟ್ಟದ ಮೇಲಿನ ಮಡಿಕೇರಿಗೆ ಸುಮಾರು 30 ಕಿ.ಮೀ. ಬಸ್ಸು ವಾಪಸ್ ಇಳಿಯುವಾಗ, ಹತ್ತುವಾಗಿನದಕ್ಕಿಂತ ಗಂಟೆಗೆ 10 ಕಿ.ಮೀ. ಜಾಸ್ತಿ ವೇಗದಲ್ಲಿ ಬಂದು 15 ನಿಮಿಷ ಉಳಿಸುತ್ತದೆ. ಹತ್ತುವಾಗಿನ ವೇಗ ಎಷ್ಟು?

ಪೆನ್ ಮುಟ್ಟುವ ಮೊದಲು ಎರಡು ಸಲ ಓದಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಏನು ಕಂಡುಹಿಡಿಯಬೇಕು? ಅದೇ ಮೊದಲ ಸಾಲು. ‘ಹತ್ತುವಾಗಿನ ವೇಗ ಗಂಟೆಗೆ ವ ಕಿ.ಮೀ. ಆಗಿರಲಿ.’ ಶಾಲೆಯಲ್ಲಿ ಎಕ್ಸ್ ಅಂತ ಬರೆಸುತ್ತಾರೆ, ಯಾವ ಅಕ್ಷರವಾದರೂ ನಡೆಯುತ್ತದೆ. ಸುಮ್ನೆ ‘ವ ಆಗಿರಲಿ’ ಅಂತ ಬಿಟ್ಟರೆ ಮಾತ್ರ ಸಾಲದು. ಯಾವಾಗಿನ ವೇಗ, ಯಾವ ಮಾನದಲ್ಲಿ, ಎರಡೂ ಇರಲೇಬೇಕು. ಇಳಿಯುವಾಗಿನ ವೇಗ ವ + 10.

ಈಗ ಪುಟ್ಟದೊಂದು ಪಟ್ಟಿ ಹಾಕಿಸಿ. ಹತ್ತುವಾಗ ಒಂದು ಸಾಲು, ಇಳಿಯುವಾಗ ಒಂದು ಸಾಲು. ದೂರ, ವೇಗ, ಕಾಲ ಅಂತ ಮೂರು ಮನೆ. ದೂರ ಎರಡಕ್ಕೂ 30. ವೇಗ ಆಗಲೇ ಬರೆದಾಯಿತು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ: 30/ವ, ಇನ್ನೊಂದು 30/(ವ + 10).

ಮಕ್ಕಳು ಜಾಸ್ತಿ ಎಡವುವುದು ಆ 15 ನಿಮಿಷದಲ್ಲಿ. ನೇರವಾಗಿ 15 ಅಂತ ಬರೆದುಬಿಡುತ್ತಾರೆ. ವೇಗ ಗಂಟೆಯ ಲೆಕ್ಕದಲ್ಲಿದೆ, ಹಾಗಾಗಿ ಕಾಲವೂ ಗಂಟೆಯಲ್ಲೇ ಇರಬೇಕು: 15/60, ಅಂದರೆ 1/4. ಬೇಕಾದರೆ 15 ಇಟ್ಟೇ ಬಿಡಿಸಲು ಹೇಳಿ. ಬಸ್ಸಿನ ವೇಗ ಗಂಟೆಗೆ 2 ಕಿ.ಮೀ.ಗಿಂತ ಕಡಿಮೆ ಬರುತ್ತದೆ. ದಾರಿಯಲ್ಲಿರುವ ಆನೆಕಾಡಿನ ಆನೆ ಅದಕ್ಕಿಂತ ಬೇಗ ಮಡಿಕೇರಿ ಸೇರುತ್ತದೆ! ಒಮ್ಮೆ ಹೀಗೆ ನಕ್ಕ ಮಕ್ಕಳು ಆಮೇಲೆ ಮಾನ ನೋಡುವುದನ್ನು ಮರೆಯಲ್ಲ.

ಯಾವುದರಿಂದ ಯಾವುದನ್ನು ಕಳೆಯಬೇಕು? ನಿಧಾನ ಹೋದರೆ ಜಾಸ್ತಿ ಹೊತ್ತು ಹಿಡಿಯುತ್ತದೆ ಅಲ್ವಾ, ಹಾಗಾಗಿ ಹತ್ತುವಾಗಿನದು ಮೊದಲು:

30/ವ − 30/(ವ + 10) = 1/4

ಇಲ್ಲಿಂದ ಮುಂದೆ ನಿಮ್ಮ ಮಗಳಿಗೆ ಗೊತ್ತಿರುವ ದಾರಿ. ಎಡಗಡೆ ಛೇದ ಒಂದೇ ಮಾಡಿದರೆ ಮೇಲೆ 300, ಕೆಳಗೆ ವ(ವ + 10). ಓರೆ ಗುಣಾಕಾರ ಮಾಡಿದರೆ:

ವ² + 10ವ − 1200 = 0

ಗುಣಿಸಿದರೆ −1200, ಕೂಡಿದರೆ 10 ಬರುವ ಜೋಡಿ 40 ಮತ್ತು −30. ಹಾಗಾಗಿ (ವ + 40)(ವ − 30) = 0. ಜೋಡಿ ಹೊಳೆಯದಿದ್ದರೆ ಸೂತ್ರ ಇದ್ದೇ ಇದೆ: ಶೋಧಕ (ಸೂತ್ರದಲ್ಲಿ ವರ್ಗಮೂಲದ ಒಳಗಿನ ಭಾಗ) 100 + 4800 = 4900, ವರ್ಗಮೂಲ 70. ವ = 30 ಅಥವಾ −40. ವೇಗ ಋಣ ಸಂಖ್ಯೆ ಆಗಲ್ಲ, ಆದ್ದರಿಂದ −40 ಬೇಡ. ಆ ಕಾರಣವನ್ನೂ ಬರೆಸಿ.

ತಾಳೆ ನೋಡುವಾಗ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿದರೆ ಸಾಲದು. ಸಮೀಕರಣವೇ ತಪ್ಪಿದ್ದರೂ ಅದರ ಉತ್ತರ ಅದಕ್ಕೆ ಸರಿಯಾಗಿಯೇ ಕೂರುತ್ತದೆ! ಪ್ರಶ್ನೆಗೇ ಹಾಕಿ ನೋಡಬೇಕು. ಗಂಟೆಗೆ 30ರಂತೆ ಹತ್ತಲು ಒಂದು ಗಂಟೆ, 40ರಂತೆ ಇಳಿಯಲು 45 ನಿಮಿಷ. 15 ನಿಮಿಷ ಉಳಿಯಿತು.

ತ್ರಿಕೋನಮಿತಿಯಲ್ಲೂ ಇದೇ ಕ್ರಮ, ಪಟ್ಟಿಯ ಬದಲು ಚಿತ್ರ ಅಷ್ಟೇ. ತೋಟದ ಸಿಲ್ವರ್ ಓಕ್ ಮರದ ಬುಡದಿಂದ 30 ಮೀಟರ್ ದೂರದಲ್ಲಿ ನೆಲದಿಂದ ನೋಡಿದರೆ ತುದಿಗೆ ಉನ್ನತ ಕೋನ 30°. ಮರದ ಎತ್ತರ ಎಷ್ಟು? ಕರ್ಣವನ್ನು ಕೊಟ್ಟಿಲ್ಲ, ಕೇಳಿಯೂ ಇಲ್ಲ, ಹಾಗಾಗಿ ಟ್ಯಾನ್, ಅಂದರೆ ಎತ್ತರವನ್ನು ದೂರದಿಂದ ಭಾಗಿಸಿದ್ದು; ಟ್ಯಾನ್ 30° = 1/√3. ಎತ್ತರ 30/√3, ಅಂದರೆ 10√3, ಸುಮಾರು 17.3 ಮೀಟರ್.

ಎಸ್ಎಸ್ಎಲ್‌ಸಿ ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇದೆ. ಕೊನೆ ಮುಟ್ಟದಿದ್ದರೂ ಬರೆದ ಸಾಲುಗಳಿಗೆ ಅರ್ಧವೋ ಒಂದೋ ಸಿಗುತ್ತದೆ, ಖಾಲಿ ಬಿಡುವುದು ಬೇಡ. ಫೋಟೋ ತೆಗೆದರೆ ಬಿಡಿಸಿಕೊಡುವ ಆ್ಯಪ್‌ಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅವಳು ತಾನೇ ಸಮೀಕರಣ ಬರೆದ ಮೇಲೆ ಮಾತ್ರ ಫೋನ್ ಕೊಡಿ.

ಈ ವಾರ ಹಳೇ ಪ್ರಶ್ನೆಪತ್ರಿಕೆಗಳ ಹೇಳಿಕೆ ಲೆಕ್ಕಗಳನ್ನಷ್ಟೇ ಆರಿಸಿಕೊಡಿ. ಉತ್ತರ ಬೇಡ, ಸಮೀಕರಣ ಬರುವವರೆಗೆ ಬರೆದು ಮುಂದಿನದಕ್ಕೆ ಹೋಗಲಿ.