ಎದುರಾಳಿ ಅರ್ಧ ಬೆಲೆಗೆ ಮಾರುತ್ತಿದ್ದಾರೆ, ನಾವೂ ಇಳಿಸಬೇಕಾ?

ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಪ್ಯಾಕ್ ಮಾಡಿ ಅಂಗಡಿಗಳಿಗೆ ಕೊಡ್ತೀರಿ, ಈಗ ಹೂಡಿಕೆದಾರರ ದುಡ್ಡಿರುವ ಕಂಪನಿಯೊಂದು ಬಂದು ಅರ್ಧ ಬೆಲೆಗೆ ಮಾರ್ತಿದೆ, ನಿಮ್ಮ ಸೇಲ್ಸ್ ಹುಡುಗನನ್ನೂ ಸೆಳೆದುಕೊಂಡಿದೆ ಅಂದಿದ್ದೀರಿ. ಬೆಲೆ ಮಾತ್ರ ಇಳಿಸಬೇಡಿ. ನಾನು ಮೈಸೂರಿನಲ್ಲಿ ದೋಸೆ ಹಿಟ್ಟಿನ ವ್ಯಾಪಾರ ಮಾಡ್ತೀನಿ, ಇದೇ ಪಾಡು ಪಟ್ಟವನು.

ದುಡ್ಡಿದ್ದವರಿಗೂ ಬೆಲೆ ಸಮರ ದಕ್ಕುವುದು ಕಷ್ಟ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟ್ಯಾಕ್ಸಿ ಬುಕಿಂಗ್ ಕಂಪನಿ ಟ್ಯಾಕ್ಸಿಫಾರ್‌ಶೂರ್ ನೆನಪಿದೆಯಾ? ಒಳ್ಳೆಯ ಹೆಸರಿತ್ತು, ಹೂಡಿಕೆಯೂ ಬಂದಿತ್ತು. ಬಾಡಿಗೆ ಇಳಿಸುವ ಪೈಪೋಟಿಯಲ್ಲಿ ಓಲಾ ಎದುರು ನಿಲ್ಲಲಾಗದೆ 2015ರ ಮಾರ್ಚ್‌ನಲ್ಲಿ ಸುಮಾರು 20 ಕೋಟಿ ಡಾಲರ್‌ಗೆ ಅದರ ಕೈಗೇ ಹೋಯಿತು, ಮರುವರ್ಷ ಬಾಗಿಲು ಮುಚ್ಚಿತು. ಕೋಟಿಗಟ್ಟಲೆ ಇದ್ದವರ ಕಥೆಯೇ ಹೀಗಾದರೆ, ಮನೆ ದುಡ್ಡು ಹಾಕಿ ವ್ಯಾಪಾರ ಮಾಡುವ ನಾವು ಎಷ್ಟು ತಿಂಗಳು ತಡೆದೇವು?

ನಿಮ್ಮನ್ನು ಬಿಟ್ಟ ಅಂಗಡಿಗಳಿಗೆ ನೀವೇ ಹೋಗಿ, ಹುಡುಗರನ್ನು ಕಳಿಸಬೇಡಿ. ಕೌಂಟರ್ ಖಾಲಿ ಇರುವ ಮಧ್ಯಾಹ್ನದ ಹೊತ್ತು ಹೋದರೆ ಮಾತಿಗೆ ಸಿಗ್ತಾರೆ. ನಾನು ಹೋದಾಗ ಬೆಲೆಯ ಮಾತು ಬಂದದ್ದು ಕಡಿಮೆ. ಅವರ ತಲೆನೋವು ಉಳಿದ ಪ್ಯಾಕೆಟ್ಟು. ಏಪ್ರಿಲ್ ಬಿಸಿಲಿಗೆ, ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿ ಫ್ರಿಜ್ ಆಫ್ ಮಾಡಿದರೆ ಬೆಳಿಗ್ಗೆ ಪ್ಯಾಕೆಟ್ಟುಗಳೆಲ್ಲ ಉಬ್ಬಿರ್ತವೆ, ಒಂದೆರಡು ಒಡೆದು ಹುಳಿ ಹಿಟ್ಟು ಕೆಳಗಿನ ಹಾಲಿನ ಕ್ರೇಟಿಗೆ ಸುರಿದಿರುತ್ತದೆ. ದೊಡ್ಡ ಕಂಪನಿಯ ಮಾಲು ಡಿಸ್ಟ್ರಿಬ್ಯೂಟರ್ ಮೂಲಕ ಬರುವುದರಿಂದ ಹಾಳಾದದ್ದರ ಲೆಕ್ಕ ಚುಕ್ತಾ ಆಗಲು ವಾರಗಳೇ ಹಿಡಿಯುತ್ತಿದ್ದವು. ನಾವು ಬೆಳಿಗ್ಗೆ ಹೊಸದು ಇಡುವಾಗಲೇ ಹಳೆಯದನ್ನು ಎತ್ತಿಕೊಂಡು ಅದೇ ಬಿಲ್ಲಿನಲ್ಲಿ ಕಳೆಯತೊಡಗಿದೆವು. ಹಾಗೆ ಎತ್ತುವ ಪ್ಯಾಕೆಟ್ಟನ್ನು ಅಂಗಡಿವಾರು ಬರೆದಿಟ್ಟಾಗ ಯಾರಿಗೆ ಯಾವ ದಿನ ಎಷ್ಟು ಸಾಕು ಅನ್ನುವುದೂ ಗೊತ್ತಾಯಿತು: ಶನಿವಾರ ಜಾಸ್ತಿ, ಸೋಮವಾರ ಕಡಿಮೆ. ವಾಪಸ್ ಬರುವುದು ತಗ್ಗಿದಾಗ ಉಳಿದ ದುಡ್ಡು ನಮ್ಮದೇ. ಅಗ್ಗಕ್ಕೆ ಹೋದ ಗಿರಾಕಿಗಳು ಕೆಲವರು ವಾಪಸ್ ಬರಲೇ ಇಲ್ಲ, ಅವರ ಹಿಂದೆ ಬೀಳಲಿಲ್ಲ.

ರೊಟ್ಟಿ ಹುಳಿಯಾಗುವುದಿಲ್ಲ, ಆದರೆ ಮುರಿಯುತ್ತದೆ, ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಚೂರಾದ ಪ್ಯಾಕೆಟ್ಟನ್ನು ಮಾತಿಲ್ಲದೆ ಬದಲಾಯಿಸಿ ಕೊಡುವವರು ನೀವಾಗಿ. ಖಾನಾವಳಿ, ಹಾಸ್ಟೆಲ್‌ಗಳನ್ನೂ ಹಿಡಿಯಿರಿ. ಅಲ್ಲಿ ದಿನಾ ಇಂತಿಷ್ಟು ಎಂದು ಹೊತ್ತಿಗೆ ಸರಿಯಾಗಿ ತಲುಪಿಸುವವರು ಬೇಕು, ಆಫರ್ ನೋಡಿ ಬದಲಾಯಿಸುವವರು ಕಡಿಮೆ.

ಹುಡುಗ ಹೋದದ್ದಕ್ಕೆ ಕೋರ್ಟಿಗೆ ಹೋಗ್ತೀನಿ ಅಂದಿದ್ದೀರಲ್ಲ, ಬೇಡ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೆ ಎದುರಾಳಿಯ ಹತ್ತಿರ ಸೇರಬಾರದು ಅನ್ನುವ ಷರತ್ತು ನಿಲ್ಲುವುದಿಲ್ಲ. ಗಿರಾಕಿಗಳ ಪಟ್ಟಿ, ರೇಟುಗಳನ್ನು ಗುಟ್ಟಾಗಿಡುವ ಕರಾರು ಬೇರೆ ವಿಷಯ, ಇರುವವರ ಹತ್ತಿರ ಅದನ್ನು ಈಗಲೇ ಬರೆಸಿಕೊಳ್ಳಿ. ಅರ್ಧ ಬೆಲೆಯ ಬಗ್ಗೆ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರೂ, ಆ ಕಂಪನಿಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇದೆ ಎಂದು ತೋರಿಸದ ಹೊರತು ಪ್ರಯೋಜನವಿಲ್ಲ. ಊರಿನ ರೊಟ್ಟಿಯವರೆಲ್ಲ ಸೇರಿ ಒಂದೇ ರೇಟು ಕಟ್ಟೋಣ ಅನ್ನುವ ಸಲಹೆ ಬಂದರೆ ಒಪ್ಪಬೇಡಿ, 2002ರ ಸ್ಪರ್ಧಾ ಕಾಯ್ದೆಯಲ್ಲಿ ಅದೇ ತಪ್ಪು. ಜೋಳ ಒಟ್ಟಿಗೆ ಕೊಳ್ಳುವ ಮಾತಾದರೆ ಕೂತು ಕೇಳಿ.

ಇನ್ನೊಂದು, ಹೆಸರು ನೋಂದಾಯಿಸಿದ್ದೀರಾ? ನಿಮ್ಮದನ್ನೇ ಹೋಲುವ ಪ್ಯಾಕೆಟ್ಟು ಪೇಟೆಗೆ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಟ್ರೇಡ್‌ಮಾರ್ಕ್‌ಗೆ ಆನ್‌ಲೈನ್ ಅರ್ಜಿ ಹಾಕಿದರೆ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ರೊಟ್ಟಿ ಬರುವುದು 30ನೇ ವರ್ಗದಲ್ಲಿ. ಈ ವಾರವೇ ಹಾಕಿಬಿಡಿ.