ಕಂಬಳಿಹುಳ ಐಸ್‌ಕ್ರೀಂ ತಿನ್ನುತ್ತಾ? – ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ, ಮಕ್ಕಳ ಕಥೆಪುಸ್ತಕ ಇಟ್ಕೊಂಡು ವಿಜ್ಞಾನ, ಗಣಿತ, ಚಿತ್ರಕಲೆ ಹೇಳ್ಕೊಡೋದು ಹೇಗೆ ಅಂತ. ಹಂಗಾಗಿ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದ್ದೀನಿ.

ಪ್ರಶ್ನೆ: ಆರು ವರ್ಷದ ಮಗಳು ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ ದಿನಾ ರಾತ್ರಿ ಓದಿಸ್ಕೊಳ್ತಾಳೆ. ಅತ್ತೆ "ಬರೀ ಕಥೆ ಆಯ್ತು, ಮಗ್ಗಿ ಯಾವಾಗ" ಅಂತಾರೆ. ಪಕ್ಕದ್ಮನೆ ಸೈನ್ಸ್ ಮೇಷ್ಟ್ರು ಅದ್ರಲ್ಲಿ ತಪ್ಪಿದೆ, ಓದಿಸ್ಬೇಡಿ ಅಂದ್ರು. ಏನ್ಮಾಡ್ಲಿ? – ಒಬ್ಬ ತಾಯಿ, ದಾವಣಗೆರೆ

ಓದಿಸಿ ಅಮ್ಮಾ, ನಿಲ್ಲಿಸ್ಬೇಡಿ. 1969ರಲ್ಲಿ ಬಂದ ಪುಸ್ತಕ ಅದು, ಇವತ್ತಿಗೂ ಮಕ್ಕಳು ಬಿಟ್ಟಿಲ್ಲ. ಅತ್ತೆಯವರಿಗೆ ಹೇಳಿ, ಲೆಕ್ಕ ಅದ್ರೊಳಗೇ ಇದೆ ಅಂತ. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು, ಹಿಂಗೇ ಶುಕ್ರವಾರ ಐದು ಕಿತ್ತಳೆ, ಅಲ್ಲಿಗೆ ಹದಿನೈದು, ಶನಿವಾರ ಒಂದೇ ದಿನ ಕೇಕು ಐಸ್‌ಕ್ರೀಂ ಎಲ್ಲಾ ಸೇರಿ ಹತ್ತು ಐಟಂ, ಭಾನುವಾರ ಹೊಟ್ಟೆನೋವು ಹೋಗೋಕೆ ಒಂದೆಲೆ. ಒಟ್ಟು ಎಷ್ಟು ತಿಂತು ಅಂತ ಬೆರಳಲ್ಲಿ ಎಣಿಸೋ ಮಗು ಒಂದಿನ ತಾನಾಗೇ ನಾಕೂ ಒಂದೂ ಐದು, ಮೂರೂ ಎರಡೂ ಐದು, ಜೊತೆಗೆ ಇನ್ನೊಂದೈದು ಅಂತ ಕಟ್ಟು ಕಟ್ಟೋಕೆ ಶುರು ಮಾಡುತ್ತೆ, ಅದನ್ನ ನೀವು ಹೇಳ್ಕೊಡಬೇಡಿ, ಕಾಯಿರಿ.

ಇನ್ನು ತಪ್ಪಿನ ವಿಚಾರ. ಮೇಷ್ಟ್ರು ಹೇಳಿದ್ದು ಸರೀನೇ, ಆದ್ರೆ ಅದಕ್ಕೇ ಓದಿಸ್ಬೇಡಿ ಅನ್ನೋದು ನಂಗೆ ಒಪ್ಪಿಗೆ ಇಲ್ಲ, ನನ್ನ ಕೇಳಿದ್ರೆ ಆ ಪುಸ್ತಕದ ಅತಿ ಒಳ್ಳೆ ವಿಜ್ಞಾನದ ಪಾಠ ಆ ತಪ್ಪಲ್ಲೇ ಇರೋದು. ಪುಸ್ತಕದಲ್ಲಿ ಹುಳ ತನ್ನ ಸುತ್ತ ಗೂಡು ಕಟ್ಕೊಂಡು ಆಮೇಲೆ ಚಿಟ್ಟೆ ಆಗುತ್ತೆ. ಸಾಮಾನ್ಯವಾಗಿ ಚಿಟ್ಟೆ ಹುಳ ಗೂಡು ನೇಯಲ್ಲ, ಚರ್ಮ ಕಳಚ್ಕೊಂಡು ಬರಿಮೈಯ ಕೋಶ (ಹುಳಕ್ಕೂ ಚಿಟ್ಟೆಗೂ ನಡುವಿನ ಹಂತ, ಪ್ಯೂಪಾ) ಆಗುತ್ತೆ, ಗೂಡು ನೇಯೋ ಹುಳಗಳು ಹೆಚ್ಚಾಗಿ ಪತಂಗದ ಜಾತಿಯವು. (ಹಿಮಾಲಯದಂಥ ಚಳಿ ಜಾಗದ ಅಪೊಲೊ ಚಿಟ್ಟೆಗಳು ತೆಳುವಾಗಿ ನೇಯ್ಕೊಳ್ತವೆ, ಪ್ರಕೃತಿಗೆ ನಮ್ಮ ರೂಲ್ಸ್ ಗೊತ್ತಿಲ್ಲ ನೋಡಿ.) ಈ ವ್ಯತ್ಯಾಸ ತೋರಿಸೋಕೆ ನಮ್ಮಷ್ಟು ಅದೃಷ್ಟವಂತರು ಯಾರೂ ಇಲ್ಲ. ರೇಷ್ಮೆಗೂಡು ಯಾರಿಗೆ ಗೊತ್ತಿಲ್ಲ? ರಾಮನಗರದ ಕಡೆ ನೆಂಟ್ರಿದ್ರೆ ಒಂದು ಗೂಡು ತರಿಸಿ, ಬಿಸಿನೀರಲ್ಲಿ ನೆನೆಸಿ ಎಳೆ ಎಳೀರಿ, ಒಳ್ಳೆ ಗೂಡಾದ್ರೆ ಒಂದೇ ಎಳೆ ಸಾವಿರ ಮೀಟರ್ ಹತ್ತಿರ ಬರುತ್ತೆ, ಮಗು ಬೀದಿ ತುದಿ ತನಕ ಓಡಿದ್ರೂ ಮುಗಿಯಲ್ಲ.

ಆಮೇಲೆ ಹಿತ್ತಲಿನ ಕರಿಬೇವಿನ ಗಿಡ ಅಥವಾ ನಿಂಬೆಗಿಡ ನೋಡಿ. ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಏನೋ ಬಿದ್ದಿರುತ್ತಲ್ಲ, ಅದು ಹಿಕ್ಕೆ ಅಲ್ಲ, ನಿಂಬೆ ಚಿಟ್ಟೆಯ ಮರಿಹುಳ. ದೊಡ್ಡದಾದ್ಮೇಲೆ ಹಸಿರಾಗುತ್ತೆ, ಮುಟ್ಟಿದ್ರೆ ತಲೆ ಹಿಂದಿಂದ ಕೊಂಬು ಚಾಚಿ ನಾತ ಬಿಡುತ್ತೆ, ಕೊನೆಗೆ ಕಡ್ಡಿಗೆ ಅಂಟ್ಕೊಂಡು ನಡುವಿಗೆ ಒಂದು ನೂಲು ಸುತ್ಕೊಂಡು ಕೋಶ ಆಗುತ್ತೆ. ಅದರ ಮುಂದೆ ಒಂದು ತುಂಡು ಸೇಬು ಇಟ್ಟು ನೋಡ್ಲಿ ಮಗಳು. ಮೂಸೂ ನೋಡಲ್ಲ. ಕಥೆ ಹುಳಾನೂ ನಮ್ಮ ಗಿಡದ ಹುಳಾನೂ ಎಲ್ಲಿ ಬೇರೆ ಅಂತ ಅವಳೇ ನಿಮಗೆ ಹೇಳ್ತಾಳೆ, ಮೇಷ್ಟ್ರಿಗೂ ಹೇಳ್ತಾಳೆ.

ಪ್ರಶ್ನೆ: ಪ್ರತಿ ಪೇಜ್ ಓದಿದ್ಮೇಲೆ ಮೂರು ಪ್ರಶ್ನೆ ಕೇಳ್ತೀನಿ, ವರ್ಕ್‌ಶೀಟ್ ಕೂಡ ಮಾಡಿಸ್ತೀನಿ. ಈಗ ಮಗ ಪುಸ್ತಕ ಕಂಡ್ರೆ ಓಡ್ತಾನೆ. – ಒಬ್ಬ ತಂದೆ, ಹುಬ್ಬಳ್ಳಿ

ನಾನಾಗಿದ್ರೂ ಓಡ್ತಿದ್ದೆ ಸಾರ್. ನಗಬೇಡಿ, ಈ ತಪ್ಪು ನಾನೂ ಮಾಡಿದ್ದೀನಿ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಕಾಗೆ ಹೂಜಿಗೆ ಕಲ್ಲು ಹಾಕೋ ಕಥೆ ಹೇಳ್ತಾ ಮಧ್ಯದಲ್ಲೇ ನಿಲ್ಲಿಸಿ, ನೀರು ಯಾಕೆ ಮೇಲೆ ಬಂತು, ಗಾತ್ರ ಅಂದ್ರೇನು ಅಂತ ಶುರು ಮಾಡಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಮಿಸ್, ಕಾಗೆ ನೀರು ಕುಡೀತಾ ಇಲ್ವಾ ಅದು ಫಸ್ಟು ಹೇಳಿ" ಅಂದ್ಲು. ಅವತ್ತಿಂದ ಕಥೆ ಮುಗಿಯೋ ತನಕ ಬಾಯಿ ಮುಚ್ಕೊಂಡಿರ್ತೀನಿ. ಒಂದು ತಿಂಗಳು ಬರೀ ಓದಿ. ಆಮೇಲೆ ಅವನೇ ಏನಾದ್ರೂ ಕೇಳಿದ್ರೆ ಒಂದು ಲೋಟ, ನೀರು, ನಾಕು ಗೋಲಿ ಕೊಟ್ಟು ನೀವು ಪೇಪರ್ ಓದ್ತಾ ಕೂತ್ಕೊಳ್ಳಿ.

ಪ್ರಶ್ನೆ: ಸರ್ಕಾರಿ ಶಾಲೆ, 38 ಮಕ್ಕಳು, ಲೈಬ್ರರಿ ಅಂದ್ರೆ ಒಂದು ಟ್ರಂಕು. ಐದನೇ ಕ್ಲಾಸಿಗೆ ಕಥೆಯಿಂದ ಗಣಿತ ಆಗುತ್ತಾ? – ಶಿಕ್ಷಕರು, ಸಿಂಧನೂರು

ಪುಸ್ತಕ ಮೊದ್ಲು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ವೆಬ್‌ಸೈಟ್ ಶುರು ಮಾಡಿದ್ರು, ಕನ್ನಡದ ಚಿತ್ರಪುಸ್ತಕಗಳು ಫ್ರೀಯಾಗಿ ಸಿಗ್ತವೆ, ಇಳಿಸ್ಕೋಬಹುದು, ಪ್ರಿಂಟ್ ತೆಗೀಬಹುದು, ಮುಕ್ತ ಲೈಸೆನ್ಸು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನದ ಹಳೇ ಸಂಚಿಕೆ ಎಲ್ಲಾದ್ರೂ ಸಿಕ್ಕಿದ್ರೆ ಬಿಡಬೇಡಿ.

ಕಥೆಗೆ ಬರೋಣ. ಸಿಂಧನೂರು ಅಂದ್ರೆ ಅಕ್ಕಿ, ಹಂಗಾಗಿ ಅಕ್ಕಿ ಕಾಳಿನ ಕಥೇನೇ ತಗೊಳ್ಳಿ. ರಾಜ ಏನ್ ಬೇಕು ಕೇಳು ಅಂದ, ಹುಡುಗಿ ಇವತ್ತು ಒಂದು ಕಾಳು, ನಾಳೆ ಎರಡು, ನಾಡಿದ್ದು ನಾಕು, ಹಿಂಗೆ ಮೂವತ್ತು ದಿನ ಸಾಕು ಅಂದ್ಲು. ರಾಜ ನಕ್ಕ. ಇಲ್ಲಿಗೆ ನಿಲ್ಸಿ, ಮಕ್ಕಳೇ ಎಣಿಸ್ಲಿ. ಹತ್ತನೇ ದಿನ 512, ಅಲ್ಲೀವರೆಗಿನದ್ದೆಲ್ಲ ಕೂಡಿದ್ರೂ 1,023, ಒಂದು ಹಿಡಿ ಕೂಡ ತುಂಬಲ್ಲ, ಮಕ್ಕಳೂ ರಾಜನ ಜೊತೆ ನಗ್ತಾರೆ. ಇಪ್ಪತ್ತನೇ ದಿನ 5,24,288. ಮೂವತ್ತನೇ ದಿನ 53,68,70,912! ಸಾವಿರ ಕಾಳು ಎಣಿಸಿ ಅಂಗಡಿ ತಕ್ಕಡೀಲಿ ತೂಗಿಸಿ, ಇಪ್ಪತ್ತು ಗ್ರಾಂ ಬಂತು ಅಂದ್ರೆ ಆ ಕೊನೇ ದಿನದ ಅಕ್ಕಿ ಒಂದೇ ಹತ್ತು ಟನ್ ದಾಟುತ್ತೆ, ನಿಮ್ಮ ಕಡೆ ಸಣ್ಣಕ್ಕಿ ಜಾಸ್ತಿ ಅಲ್ವಾ, ಸ್ವಲ್ಪ ಕಮ್ಮಿ ಬರಬಹುದು, ಆ ಲೆಕ್ಕ ಅವರೇ ಮಾಡ್ಲಿ. ರೈಸ್ ಮಿಲ್ಲಲ್ಲಿ ಕೆಲಸ ಮಾಡೋ ಅಪ್ಪಂದಿರನ್ನ ಎಷ್ಟು ಮೂಟೆ ಆಗುತ್ತೆ ಅಂತ ಕೇಳ್ಕೊಂಡು ಬರೋಕೆ ಹೇಳಿ.

ಪ್ರಶ್ನೆ: ಅಂಗನವಾಡಿ ಮಕ್ಕಳಿಗೆ ವಿಜ್ಞಾನ ಬೇಗ ಆಯ್ತು ಅಲ್ವಾ? ನಾವು ಬರೀ ಪದ್ಯ ಹೇಳಿಸ್ತೀವಿ. – ಕಾರ್ಯಕರ್ತೆ, ತಿಪಟೂರು

ಬರೀ ಪದ್ಯ ಅನ್ಬೇಡಿ! ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ನಿಮ್ಮ ಮಕ್ಕಳಿಗೆ ಬಾಯಿಪಾಠ ಇರುತ್ತೆ. ತುತ್ತೂರಿ ನೀರಿಗೆ ಬಿದ್ದು ದನಿ ಕೆಡ್ತು, ಬಣ್ಣಾನೂ ಹೋಯ್ತು, ಎರಡು ಪಾಠ ಅಲ್ಲೇ ಇದೆ. ಅರಿಶಿನ, ಕುಂಕುಮ, ಸಕ್ಕರೆ, ಮರಳು ಒಂದೊಂದು ಲೋಟಕ್ಕೆ ಹಾಕಿ ಯಾವ್ದು ಕರಗುತ್ತೆ ನೋಡ್ಲಿ. ದನಿಗೆ ನಾಕು ಗಾಜಿನ ಬಾಟ್ಲಿ ಸಾಕು. ಚಮಚದಿಂದ ತಟ್ಟಿದ್ರೆ ನೀರು ಜಾಸ್ತಿ ಇರೋದು ದಪ್ಪ ದನಿ ಕೊಡುತ್ತೆ, ಅದೇ ಬಾಟ್ಲಿ ಬಾಯಿಗೆ ಊದಿದ್ರೆ ನೀರು ಜಾಸ್ತಿ ಇರೋದೇ ಕೀಚಲು! ತಟ್ಟಿದಾಗ ಗಾಜೂ ನೀರೂ ಸೇರಿ ನಡುಗೋದು, ಭಾರ ಜಾಸ್ತಿ ಆದಷ್ಟೂ ನಿಧಾನ. ಊದಿದಾಗ ನಡುಗೋದು ಒಳಗಿನ ಗಾಳಿ, ಗಾಳಿಗೆ ಜಾಗ ಕಮ್ಮಿ ಆದಷ್ಟೂ ದನಿ ಸಣ್ಣ. ಈ ವಿವರಣೆ ನಿಮಗೆ, ಮಕ್ಕಳಿಗೆ ಸದ್ದು ಸಾಕು.

ಪ್ರಶ್ನೆ: ಮಗ ಯಾವಾಗ್ಲೂ ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ಗುಡಿಸಲು. ಬೇರೆ ಬರೆಯೋದೇ ಇಲ್ಲ. – ಸಾಗರ

ಆ ಬೆಟ್ಟ ನಾವೆಲ್ಲಾ ಬರೆದಿದ್ದೀವಿ, ಯಾರು ಕಲಿಸಿದ್ರೋ ದೇವರಿಗೇ ಗೊತ್ತು. ಚಿತ್ರಪುಸ್ತಕ ಓದ್ಬೇಡಿ, ಒಂದಿನ ಬರೀ ನೋಡಿ. ಹೇಗೆ ಮಾಡಿರಬಹುದು ಅಂತ ಕೇಳಿ. ಮೇಲೆ ಹೇಳಿದ ಕಂಬಳಿಹುಳ ಬರೆದಿದ್ದಲ್ಲ, ತೆಳು ಕಾಗದಕ್ಕೆ ಬಣ್ಣ ಬಳಿದು, ಕತ್ತರಿಸಿ ಅಂಟಿಸಿದ್ದು. ಗೊತ್ತಾದ ಕೂಡ್ಲೇ ಹುಡುಗ ಕತ್ತರಿ ಹುಡುಕ್ತಾನೆ. ಮತ್ತೆ ಸಾಗರದಲ್ಲಿ ಕೂತು ನನ್ನ ಕೇಳ್ತೀರಲ್ಲ! ನಿಮ್ಮೂರ ಸುತ್ತಮುತ್ತ ದೀವರ ಸಮುದಾಯದವರು ಮನೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ಇದೆ, ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಬ್ರಶ್ಶು ಅಂದ್ರೆ ಪುಂಡಿ ನಾರು. ಓದಿದ ಕಥೇನ ಆ ಗೆರೆಗಳಲ್ಲಿ ಬರೀಲಿ. ಅಂಗಳದ ಚುಕ್ಕಿ ರಂಗೋಲಿನೂ ಬಿಡಬೇಡಿ, ಒಂದರಿಂದ ಏಳಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿದ್ರೆ 49 ಚುಕ್ಕಿ, ಏಳೇಳ್ಲಿ ನಲವತ್ತೊಂಬತ್ತು. ತಲೆ ಸ್ವಲ್ಪ ವಾರೆ ಮಾಡಿ ನೋಡಿದ್ರೆ ಏಳು ಸಾಲು, ಸಾಲಿಗೇಳು, ಚೌಕ ಕಾಣುತ್ತೆ.

ಪ್ರಶ್ನೆ: ಇಲ್ಲಿ ಸ್ಕೂಲೆಲ್ಲ ಇಂಗ್ಲಿಷು. ಕನ್ನಡ ಪುಸ್ತಕ ಓದಿಸಿದ್ರೆ ಸೈನ್ಸಲ್ಲಿ ಕನ್‌ಫ್ಯೂಸ್ ಆಗಲ್ವಾ? ಮಗಳು ಎಲ್ಲದಕ್ಕೂ "ಹುಳ" ಅಂತಾಳೆ. – ಸನ್ನಿವೇಲ್, ಅಮೆರಿಕ

ಕನ್‌ಫ್ಯೂಸ್ ಆಗ್ಲಿ ಬಿಡಿ, ಒಳ್ಳೇದೇ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗೆ ಅಂತ ಬಾಲ ಪ್ರಪಂಚ ಅನ್ನೋ ವಿಶ್ವಕೋಶದ ಮೂರು ಸಂಪುಟ ಕನ್ನಡದಲ್ಲಿ ಬರೆದ್ರು, ಭಾಷೆ ಅಡ್ಡ ಬರಲಿಲ್ಲ. ಎರೆಹುಳ, ಮಿಂಚುಹುಳ, ರೇಷ್ಮೆಹುಳ, ಮೂರೂ ನಮಗೆ ಹುಳಾನೇ, ಹಾಗಾದ್ರೆ ಮೂರೂ ಒಂದೇನಾ ಅಂತ ಅವಳನ್ನೇ ಕೇಳಿ, ಕಾಲು ಎಣಿಸ್ಲಿ. ಎರೆಹುಳಕ್ಕೆ ಒಂದೂ ಇಲ್ಲ. ಮಿಂಚುಹುಳಕ್ಕೆ ಆರು. ರೇಷ್ಮೆಹುಳಕ್ಕೆ ಮುಂದೆ ಆರು ನಿಜವಾದ ಕಾಲು, ಹಿಂದೆ ಹತ್ತು ಗಿಡ್ಡ ಮೆತ್ತನೆ ಕಾಲು, ಪತಂಗ ಆದಾಗ ಆ ಹತ್ತೂ ಮಾಯ.